ನಿಂತ್ಕೊಳ್ಳೋಕೆ 16 ಸಾವಿರ ಯಾಕೆ ಕೊಡಬೇಕು?

1/8

(ಫೋಟೋ: ಬಂಡ್ರಿಯ ನಮ್ಮ ಮನೆ ಪಡಸಾಲೆ. ಮೂಲೆಯಲ್ಲಿರೋ ಗಿಡ್ಡ ಟೇಬಲ್ ನೋಡಿಟ್ಕೊಳ್ಳಿ, ಅದರ ಕಥೆ ಮುಂದೆ ಐತಿ.)

ಹೋದ ತಿಂಗಳಿಂದ ನಮ್ಮ ಕ್ಲಾಸಿನ ಗ್ರೂಪಲ್ಲಿ ಒಂದೇ ಮಾತು. ಬಟನ್ ಒತ್ತಿದ್ರೆ ಮೇಲೇರೋ, ಇನ್ನೊಂದು ಒತ್ತಿದ್ರೆ ಕೆಳಗಿಳಿಯೋ ಟೇಬಲ್. ಎಲೆಕ್ಟ್ರಿಕ್ ಸ್ಟ್ಯಾಂಡಿಂಗ್ ಡೆಸ್ಕ್. ದೊಡ್ಡ ಕಂಪನಿ ಆಫೀಸುಗಳಲ್ಲಿ ಇರ್ತಿದ್ದದ್ದು ಈಗ "ನಮ್ಮಂಥವರ ಬಜೆಟ್ಟಿಗೆ" ಇಳಿದೈತಂತೆ. 16 ಸಾವಿರ. ಇಎಂಐನೂ ಕೊಡ್ತಾರಂತೆ. "ಸೇಲ್ ಮುಗಿಯೋದ್ರೊಳಗೆ ಹೇಳೇ, ತಗೊಳ್ಳಾ ಬ್ಯಾಡಾ?" ಅಂತ ನನಗೆ ಕೇಳ್ತಿದ್ದೀರಿ. ಮನೇಲಿ ಕೂತು ಕೆಲಸ ಮಾಡೋಳು ನಾನೊಬ್ಬಳೇ ಅಂತ ನಾನೇ ಎಕ್ಸ್‌ಪರ್ಟ್ ಆಗಿಬಿಟ್ಟೆ.

ನನ್ನ ಉತ್ತರ: ಬ್ಯಾಡ. ನಮ್ಮಲ್ಲಿ ಬಹುತೇಕರಿಗೆ ಬ್ಯಾಡ. ಒಂದೇ ಮೆಸೇಜಲ್ಲಿ ಇಷ್ಟು ಹೇಳಿದ್ರೆ "ನಿನಗೆ ಹೊಟ್ಟೆಕಿಚ್ಚು" ಅಂತೀರಿ. ಅದಕ್ಕೇ ಎಂಟು ಪೋಸ್ಟಲ್ಲಿ ಜಗಳ ಆಡ್ತೀನಿ.

ಮೊದಲೇ ಒಪ್ಕೊಂಡುಬಿಡ್ತೀನಿ. ನಾನೂ ಅದನ್ನ ಮೂರು ಸಲ ಕಾರ್ಟಿಗೆ ಹಾಕಿ ತೆಗೆದವಳೇ. ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕಸ್ಟಮರ್ ಚಾಟ್ ಕೆಲಸ ಮಾಡ್ತೀನಿ. ದಿನಕ್ಕೆ ಎಂಟೂವರೆ ಗಂಟೆ ಕೂತಿರ್ತೀನಿ. ಸಂಬಳ 18 ಸಾವಿರ. ಸಂಜೆ ಎದ್ದಾಗ ಕುತ್ತಿಗೆಯಿಂದ ಸೊಂಟದವರೆಗೆ ಯಾರೋ ಒನಕೆಯಲ್ಲಿ ಕುಟ್ಟಿದಂಗೆ ಆಗಿರ್ತಿತ್ತು. ನೋವು ಸುಳ್ಳಲ್ಲ. ಅದಕ್ಕೆ ಮಾರ್ತಿರೋ ಔಷಧಿ ಬಗ್ಗೆ ನನ್ನ ತಕರಾರು.

2/8

(ಫೋಟೋ: ಅಕ್ಕನ ಚಪ್ಪಲಿ. ಹಿಮ್ಮಡಿ ಹೆಂಗೆ ಸವೆದೈತಿ ನೋಡಿ.)

ಮೂರನೇ ಸಲ ಕಾರ್ಟಿಗೆ ಹಾಕಿದ ದಿನ ಅಕ್ಕ ಊರಿಗೆ ಬಂದಿದ್ಲು. ಅಕ್ಕ ಹೊಸಪೇಟೆಯ ಒಂದು ಬಟ್ಟೆ ಅಂಗಡೀಲಿ ಸೇಲ್ಸ್ ಕೆಲಸ ಮಾಡ್ತಾಳೆ. ಅಂಗಡಿ ಹೆಸರು ಹೇಳಲ್ಲ, ಕೆಲಸ ಹೋದ್ರೆ ಕಷ್ಟ. ಬೆಳಗ್ಗೆ ಹತ್ತಕ್ಕೆ ನಿಂತ್ರೆ ರಾತ್ರಿ ಎಂಟೂವರೆ. ಊಟದ ಅರ್ಧ ಗಂಟೆ ಬಿಟ್ರೆ ಕೂರಂಗಿಲ್ಲ. ಗಿರಾಕಿ ಇಲ್ಲದಾಗಲೂ ಕೂರಂಗಿಲ್ಲ. ಗಿರಾಕಿಗಳು ಒಳಗೆ ಬಂದಾಗ ಹುಡುಗೀರು ಕೂತಿದ್ರೆ ಮರ್ಯಾದೆ ಇಲ್ಲದಂಗೆ ಕಾಣುತ್ತಂತೆ.

ಫೋನ್ ತೋರಿಸಿ, "ಅಕ್ಕಾ, ಇದು ನೋಡು, ನಿಂತ್ಕಂಡು ಕೆಲಸ ಮಾಡೋ ಟೇಬಲ್ಲು" ಅಂದೆ. ಅಕ್ಕ ಕಾಲನ್ನ ಬಿಸಿನೀರಿನ ಬಕೆಟ್ಟಲ್ಲಿ ಇಟ್ಕಂಡು ಕೂತಿದ್ಲು. ಫೋನ್ ನೋಡಿದ್ಲು, ನನ್ನ ಮುಖ ನೋಡಿದ್ಲು.

"ನಿಂತ್ಕೊಳ್ಳಾಕ ನೀನು ದುಡ್ಡು ಕೊಡ್ತೀಯೇನೇ? ನನಗೆ ಅವರು ಕೊಡ್ತಾರ. ಬಾ, ಬದಲಿ ಮಾಡ್ಕೊಳ್ಳಾನು."

ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಕಾರ್ಟ್ ಖಾಲಿ ಮಾಡಿದೆ. ಆದ್ರೆ ಅಕ್ಕನ ಮಾತಿಗೆ ಮಾತ್ರ ಖಾಲಿ ಮಾಡಿದ್ದಲ್ಲ. ಭಾವನೆ ಬೇರೆ, ಬೆನ್ನು ಬೇರೆ. ಆಮೇಲೆ ಎರಡು ವಾರ ಕೂತು ಓದಿದೆ, ಟೇಪ್ ಹಿಡಿದು ಅಳತೆ ಮಾಡಿದೆ, ಹೊಸಪೇಟೆಯಲ್ಲಿ ಒಬ್ಬನ ಮನೆಗೆ ಹೋಗಿ ಆ ಟೇಬಲ್ಲಿನ ಮುಂದೆ ನಿಂತೂ ನೋಡಿದೆ.

3/8

(ಫೋಟೋ: ಮಿರ್ಚಿ, ಒಗ್ಗಾಣಿ. ಸುಮ್ನೆ ಅಲ್ಲ, ಲೆಕ್ಕಕ್ಕೆ ಬೇಕು.)

ರೀಲ್ಸಲ್ಲಿ ಹೇಳೋ ಮೊದಲ ಮಾತು: "ಕೂರೋದು ಹೊಸ ಸಿಗರೇಟು. ನಿಂತ್ರೆ ಕೊಬ್ಬು ಕರಗುತ್ತೆ."

2018ರಲ್ಲಿ ಹಲವು ಅಧ್ಯಯನಗಳನ್ನ ಒಟ್ಟು ಹಾಕಿ ಲೆಕ್ಕ ಮಾಡಿದ್ದಾರೆ. ಕೂರೋದಕ್ಕಿಂತ ನಿಂತ್ರೆ ಹೆಚ್ಚು ಖರ್ಚಾಗೋದು ನಿಮಿಷಕ್ಕೆ 0.15 ಕ್ಯಾಲರಿ. ಆರು ಗಂಟೆ ನಿಂತ್ರೆ 54. ಹೌದು, 54! ಬೆಳಗ್ಗೆ ತಿಂದ ಒಂದು ಮಿರ್ಚಿಯ ಅರ್ಧನೂ ಕರಗಲ್ಲ, ಒಗ್ಗಾಣಿ ಮಾತು ಬಿಡಿ.

ಎರಡನೇ ಮಾತು: "ಹೃದಯಕ್ಕೆ ಒಳ್ಳೇದು." 2024ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು ಬ್ರಿಟನ್ನಿನ 83,013 ಜನರ ಮಾಹಿತಿ ಇಟ್ಕೊಂಡು ನೋಡಿದ್ರು. ಬರೀ ಜಾಸ್ತಿ ನಿಲ್ಲೋದ್ರಿಂದ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಕಡಿಮೆ ಆಗಿಲ್ಲ. ಬದಲಿಗೆ, ದಿನಕ್ಕೆ ಎರಡು ಗಂಟೆ ದಾಟಿ ನಿಲ್ಲೋ ಪ್ರತಿ ಅರ್ಧ ಗಂಟೆಗೆ ರಕ್ತ ಸಂಚಾರದ ತೊಂದರೆಗಳ ಅಪಾಯ 11% ಏರಿತ್ತು. ವೆರಿಕೋಸ್ ವೇನ್ಸ್ ಅಂತಾರಲ್ಲ, ಕಾಲಲ್ಲಿ ನೀಲಿ ನರ ಉಬ್ಬೋದು, ಅದೂ ಈ ಪಟ್ಟಿಯಲ್ಲಿ ಐತಿ. ಅಕ್ಕನ ಬಕೆಟ್ಟು ನೆನಪಾಯ್ತು.

ಹಂಗಂತ ದಿನಾ ಕೂತಿರೋದು ಒಳ್ಳೇದು ಅಂತ ನಾನು ಹೇಳ್ತಿಲ್ಲ. ಆ ವಾದ ಶುರುವಾಗಿದ್ದು ಎಲ್ಲಿಂದ ಗೊತ್ತಾ? ಬಸ್ಸಿಂದ. 1953ರಲ್ಲಿ ಜೆರೆಮಿ ಮಾರಿಸ್ ಅನ್ನೋ ಡಾಕ್ಟರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರು ಮತ್ತು ಕಂಡಕ್ಟರುಗಳನ್ನ ಹೋಲಿಸಿ ಬರೆದ್ರು. ಇಡೀ ದಿನ ಕೂರೋ ಡ್ರೈವರುಗಳಿಗೆ ಹೃದ್ರೋಗ ಹೆಚ್ಚು, ಕಂಡಕ್ಟರುಗಳಿಗೆ ಕಡಿಮೆ. ಆದ್ರೆ ಕಂಡಕ್ಟರು ಕಂಬದಂಗೆ ನಿಂತಿರ್ತಿದ್ರಾ? ಮೆಟ್ಟಿಲು ಹತ್ತಿ ಇಳಿದು, ಹತ್ತಿ ಇಳಿದು ಟಿಕೆಟ್ ಕೊಡ್ತಿದ್ರು. ಸಂಡೂರು ಕಡೆಯಿಂದ ಬರೋ ಬಸ್ಸಲ್ಲಿ ನಮ್ಮ ಕಂಡಕ್ಟರಣ್ಣ ತುಂಬಿದ ಜನರ ನಡುವೆ ಹಿಂದಿಂದ ಮುಂದಕ್ಕೆ ಹೆಂಗೆ ನುಗ್ಗಿ ಬರ್ತಾರೆ, ನೋಡಿದ್ದೀರಲ್ಲ. ಆ ಓಡಾಟಕ್ಕೆ ಇರೋ ಮರ್ಯಾದೆಯನ್ನ ಈ ಟೇಬಲ್ ಮಾರೋರು ಕದ್ದು ತಮ್ಮ ಡಬ್ಬಿಗೆ ಅಂಟಿಸ್ಕೊಂಡಿದ್ದಾರೆ.

2023ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಮಾಡಿದ ಚಿಕ್ಕ ಪ್ರಯೋಗ ಇನ್ನೊಂದು. ಬರೀ 11 ಜನ, ಅದು ನೆನಪಿರಲಿ. ಅರ್ಧ ಗಂಟೆಗೊಮ್ಮೆ ಎದ್ದು 5 ನಿಮಿಷ ನಡೆದಾಗ, ಇಡೀ ದಿನ ಕೂತಿದ್ದಾಗಿನದಕ್ಕಿಂತ ಊಟದ ನಂತರ ಸಕ್ಕರೆ ಏರೋದು 58% ಕಡಿಮೆ ಇತ್ತು. ನಡೆಯೋಕೆ ಮೋಟರ್ ಬೇಕಾ?

4/8

(ಫೋಟೋ: ಅಮ್ಮನ ಹೊಲಿಗೆ ಟೇಪು.)

ಇದು ಎಲ್ಲಕ್ಕಿಂತ ಮುಖ್ಯ ಪೋಸ್ಟ್. ಉಳಿದದ್ದು ಓದದಿದ್ರೂ ಇದನ್ನ ಸೇವ್ ಮಾಡ್ಕೊಳ್ಳಿ, ಅದರಲ್ಲೂ ಹುಡುಗೀರು.

ಟೇಪ್ ತಗೊಳ್ಳಿ. ದಿನಾ ಕೂರೋ ಕುರ್ಚಿಯಲ್ಲಿ ಬೆನ್ನು ಒರಗಿಸಿ ಕೂರಿ, ಪಾದ ನೆಲಕ್ಕೆ ತಾಗಲಿ. ಭುಜ ಸಡಿಲ ಬಿಟ್ಟು ಮೊಣಕೈ ಮಡಚಿ, ಮುಂಗೈ ನೆಲಕ್ಕೆ ಸಮ ಇರಲಿ. ಈಗ ಯಾರಿಗಾದ್ರೂ ಹೇಳಿ ನೆಲದಿಂದ ಮೊಣಕೈವರೆಗೆ ಅಳೆಸಿ. ನಿಮ್ಮ ಟೇಬಲ್ ಹೆಚ್ಚುಕಮ್ಮಿ ಆ ಎತ್ತರಕ್ಕೆ ಇರಬೇಕು. ಆಮೇಲೆ ನಿಂತು ಹಂಗೇ ಅಳೆಸಿ. ನಿಂತು ಕೆಲಸ ಮಾಡೋಕೆ ಆ ಎತ್ತರ.

ನಾನು 155 ಸೆಂಟಿಮೀಟರ್, ಅಂದ್ರೆ ಐದಡಿ ಒಂದಿಂಚು. ಕೂತಾಗ 63. ನಿಂತಾಗ 98.

ಈಗ ಆ 16 ಸಾವಿರದ ಟೇಬಲ್ಲಿನ ವಿವರ ತೆಗೆದು ನೋಡಿ. ಫೋಟೋ ಆಫರ್ ಎಲ್ಲ ದಾಟಿ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತೆ. ಅಗ್ಗದವುಗಳಲ್ಲಿ ಸಾಮಾನ್ಯವಾಗಿ ಒಂದೇ ಮೋಟರ್, ಕಾಲು ಎರಡು ಹಂತದ್ದು. ಅಂದ್ರೆ ಒಂದು ಕೊಳವೆ ಒಳಗೆ ಇನ್ನೊಂದು ಕೊಳವೆ, ಅಷ್ಟೆ. ದುಬಾರಿಯವುಗಳಲ್ಲಿ ಮೂರು ಕೊಳವೆ ಇರುತ್ತೆ, ಅದಕ್ಕೇ ಅವು ಇನ್ನೂ ಕೆಳಗೆ ಇಳಿಯುತ್ತವೆ, ಇನ್ನೂ ಮೇಲೆ ಏರುತ್ತವೆ. ಎರಡು ಹಂತದ್ದು ನಾನು ನೋಡಿದ ಯಾವ ಮಾಡೆಲ್ಲೂ 70ಕ್ಕಿಂತ ಕೆಳಗೆ ಇಳಿಯಲಿಲ್ಲ. 71, 72, ಹಿಂಗೇ. ಕೆಲವರು ಹಲಗೆ ದಪ್ಪ ಸೇರಿಸದೆ ಬರೀ ಫ್ರೇಮಿನ ಎತ್ತರ ಬರೀತಾರೆ, ಅದಕ್ಕೆ ಇನ್ನೆರಡು ಸೆಂಟಿಮೀಟರ್ ಸೇರಿಸ್ಕೊಳ್ಳಿ.

ನನಗೆ ಬೇಕಾದ್ದು 63, ಅದು ಇಳಿಯೋದು 72ಕ್ಕೆ. ಒಂಬತ್ತು ಸೆಂಟಿಮೀಟರ್ ಎತ್ತರ. ಅಂದ್ರೆ ಕೂತಾಗೆಲ್ಲ ಭುಜ ಎತ್ತಿಕೊಂಡೇ ಟೈಪ್ ಮಾಡಬೇಕು. ನನ್ನ ಕುತ್ತಿಗೆ ನೋವಿಗೆ ಕಾರಣ ಏನು ಅಂತ ಹುಡುಕ್ತಿದ್ದೆನಲ್ಲ, ಅವತ್ತು ನಮ್ಮ ಮನೆ ಟೇಬಲ್ ಅಳೆದೆ. 75. ಉತ್ತರ ಸಿಕ್ತು.

ಸ್ಟ್ಯಾಂಡಿಂಗ್ ಡೆಸ್ಕ್ ತಗೊಂಡವರೂ ದಿನದ ಬಹುಪಾಲು ಕೂತೇ ಇರ್ತಾರೆ. ಇಂಥ ಮೇಜುಗಳ ಪರವಾಗಿ ಹೇಳೋರು ಉದಾಹರಿಸೋ 2018ರ ಕೊಕ್ರೇನ್ ವರದಿ ಪ್ರಕಾರನೇ ಕೂರೋದು ಕಡಿಮೆ ಆಗೋದು ದಿನಕ್ಕೆ 84ರಿಂದ 116 ನಿಮಿಷ. ಕಡಿಮೆ ಏನಲ್ಲ, ಒಪ್ತೀನಿ. ಆದ್ರೆ ಉಳಿದ ಆರೂವರೆ ಏಳು ಗಂಟೆ? ಆ ಏಳು ಗಂಟೆ ಭುಜ ಕಿವಿಗೆ ಹತ್ತಿರ ಇಟ್ಕಂಡು ಕೂರೋಕೆ ನಾನು 16 ಸಾವಿರ ಕೊಡಬೇಕಿತ್ತು.

ಈ ಮಾತು ಯಾವ ರೀಲಲ್ಲೂ ಕೇಳಿಲ್ಲ. ರಿವ್ಯೂ ಮಾಡೋ ಅಣ್ಣಂದಿರೆಲ್ಲ ಐದಡಿ ಹತ್ತಿಂಚು ಇರ್ತಾರೆ. ಅವರಿಗೆ 72 ಅಂದ್ರೆ ಹೆಚ್ಚುಕಮ್ಮಿ ಸರಿ. ನಮ್ಮ ಲೆಕ್ಕ ಅವರ ತಲೆಗೇ ಬರಲ್ಲ.

5/8

(ಫೋಟೋ: ಗೆಳೆಯನ ರೂಮು. ಅವನ ಅನುಮತಿ ಕೇಳಿ ಹಾಕಿದ್ದೀನಿ, ಮುಖ ಬ್ಲರ್.)

ನಮ್ಮ ಕ್ಲಾಸಿನವನೇ ಒಬ್ಬ, ಈಗ ಹೊಸಪೇಟೆಯಲ್ಲಿ ಇದ್ದಾನೆ, ಹೋದ ವರ್ಷ ಇಂಥದ್ದೇ ತಗೊಂಡಿದ್ದ. ಒಂಬತ್ತು ತಿಂಗಳು ಚೆನ್ನಾಗಿತ್ತು. ಒಂದು ದಿನ ಕರೆಂಟ್ ಹೋಗಿ ಬಂತು, ಟೇಬಲ್ ಡಿಸ್‌ಪ್ಲೇಲಿ ಏನೋ ಎರರ್ ಅಂತ ಬಂತು. ಅಲ್ಲಿಗೆ ಮುಗೀತು. ಟೇಬಲ್ 112 ಸೆಂಟಿಮೀಟರಿಗೆ ಏರಿ ನಿಂತದ್ದು ಕೆಳಗಿಳಿಯಲೇ ಇಲ್ಲ.

ಮರದ ಟೇಬಲ್ ಆಗಿದ್ರೆ ಬಡಗಿ ಬಂದು ಮೊಳೆ ಹೊಡೆದು ಹೋಗ್ತಿದ್ದ. ಇದರೊಳಗೆ ಕಂಟ್ರೋಲ್ ಬಾಕ್ಸ್ ಅಂತ ಒಂದು ಡಬ್ಬಿ ಇರುತ್ತೆ, ಅದೇ ಇದರ ತಲೆ. ಅದು ಕೆಟ್ರೆ ಅದೇ ಕಂಪನಿಯ ಅದೇ ಮಾಡೆಲ್ಲಿನ ಡಬ್ಬಿನೇ ಬೇಕು. ವಾರಂಟಿ ಇತ್ತು. ಆದ್ರೆ "ವಿಡಿಯೋ ಕಳಿಸಿ" ಅಂದ್ರು, "ಇನ್ನೊಂದು ಕಡೆಯಿಂದ ವಿಡಿಯೋ ಕಳಿಸಿ" ಅಂದ್ರು, "ನಿಮ್ಮ ಊರಿಗೆ ಟೆಕ್ನಿಷಿಯನ್ ಇಲ್ಲ, ಬಿಚ್ಚಿ ಕೊರಿಯರ್ ಮಾಡಿ" ಅಂದ್ರು. ಏಳು ವಾರ. ಆ ಏಳು ವಾರ ನಮ್ಮ ಹುಡುಗ ದರ್ಶಿನಿಯಲ್ಲಿ ಕಾಫಿ ಕುಡಿಯೋರ ಥರ ನಿಂತ್ಕಂಡೇ ಆಫೀಸ್ ಕೆಲಸ ಮಾಡಿದ. ರಾತ್ರಿ ಊಟನೂ ಅದರ ಮೇಲೇ. ಸಾಂಬಾರ್ ಒಂದು ಕಡಿಮೆ ಅಂತ ನಾವು ಆಡಿಕೊಂಡಿದ್ದು ಬೇರೆ.

ಅವನ ಟೇಬಲ್ ಸರಿ ಇದ್ದಾಗಲೂ ನಾನು ನೋಡಿದ್ದೆ. ಮೇಲೆ ಏರಿಸಿ ಜೋರಾಗಿ ಟೈಪ್ ಮಾಡಿದ್ರೆ ಮಾನಿಟರ್ ತಲೆ ಆಡಿಸ್ತಿತ್ತು. ಕಾಲು ಉದ್ದ ಆದಷ್ಟೂ ಅಲುಗಾಟ ಜಾಸ್ತಿ, ಕೊಳವೆಗಳ ನಡುವಿನ ಸಡಿಲು ಅಲ್ಲಿ ಗೊತ್ತಾಗುತ್ತೆ. ಹಲಗೆ ಪಾರ್ಟಿಕಲ್ ಬೋರ್ಡು, ಅಂದ್ರೆ ಮರದ ಹೊಟ್ಟಿಗೆ ಅಂಟು ಹಾಕಿ ಒತ್ತಿದ್ದು. ನೀರು ಬಿದ್ದ ಕಡೆ ಅಂಚು ಉಬ್ಬಿತ್ತು. ಇನ್ನು ಬಂಡ್ರಿಯ ಪಿನ್‌ಕೋಡ್ ಹಾಕಿದ್ರೆ ಎರಡು ಕಡೆ "ಈ ವಿಳಾಸಕ್ಕೆ ತಲುಪಿಸಲಾಗುವುದಿಲ್ಲ" ಅಂತ ಬಂತು. ತಲುಪಿಸೋಕೇ ಬರದವರು ರಿಪೇರಿಗೆ ಬರ್ತಾರಾ?

ಒಂದು ಅಡ್ಡ ಮಾತು. ಈ ಮೋಟರ್ ಕಾಲುಗಳಲ್ಲಿ ಬಹಳಷ್ಟು ಚೀನಾದಲ್ಲಿ ತಯಾರಾಗೋವು. ನಾವು ಚಿಕ್ಕವರಿದ್ದಾಗ ಸಂಡೂರಿನ ಗುಡ್ಡದ ಅದಿರು ಲಾರಿಗಟ್ಟಲೆ ಬಂದರಿಗೆ ಹೋಗ್ತಿತ್ತು, ಅಲ್ಲಿಂದ ಚೀನಾಕ್ಕೆ. 2010ರಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸ್ತು, 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನೇ ನಿಲ್ಲಿಸ್ತು. ಕೆಂಪು ಧೂಳು ನಮ್ಮ ಮೂಗಿಗೆ, ಕಬ್ಬಿಣ ಅವರಿಗೆ, ಈಗ ಅದನ್ನೇ ಟೇಬಲ್ ಕಾಲು ಮಾಡಿ ಇಎಂಐಗೆ ನಮಗೇ. ಇದು ವಾದ ಅಲ್ಲ, ಹೊಟ್ಟೆ ಉರಿ. ಬಿಡಿ.

6/8

(ಫೋಟೋ: ನಾಲ್ಕು ಮರದ ತುಂಡು. ಒಂದೊಂದೂ 12 ಸೆಂಟಿಮೀಟರ್.)

ಸರಿ, ನಾನು ಏನು ಮಾಡಿದೆ?

ಟೇಬಲ್ಲಿನ ಕಾಲು ಕತ್ತರಿಸಿದೆ.

ಅಪ್ಪ ಓದ್ತಿದ್ದ ಹಳೇ ಟೇಬಲ್ಲು. ಅಮ್ಮ "ಮನೆಗೆ ಒಳ್ಳೇದಲ್ಲ, ಇರೋ ಟೇಬಲ್ಲಿನ ಕಾಲು ಕಡೀತಾರಾ ಯಾರಾದ್ರೂ" ಅಂದ್ಲು. ಬಡಗಿ ಕಾಕಾ ಎರಡು ಸಲ ಕೇಳಿದ್ರು, "ಅವ್ವಾ, ಖರೇನಾ? ಕಡಿದ ಮ್ಯಾಲೆ ಜೋಡ್ಸಾಕ ಆಗಲ್ಲ ನೋಡು." 75ರಲ್ಲಿ 12 ತೆಗೆದ್ರೆ 63. ಕೂಲಿ 150 ರೂಪಾಯಿ ಮತ್ತು ಒಂದು ಚಹಾ. ಒಂದು ಎಚ್ಚರಿಕೆ: ಹಲಗೆ ಕೆಳಗೆ ಡ್ರಾಯರ್ ಇರೋ ಟೇಬಲ್ಲಿಗೆ ಇದು ನಡೆಯಲ್ಲ, ತೊಡೆ ತಗುಲುತ್ತೆ. ಕಾಲು ಕಡಿಯೋಕೆ ಮನಸ್ಸು ಬರದಿದ್ರೆ ಕುರ್ಚಿ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರ ಆಗಿ, ಪಾದದ ಕೆಳಗೆ ಮಣೆ ಇಟ್ಕೊಳ್ಳಿ. ಲೆಕ್ಕ ಒಂದೇ.

ಆಮೇಲೆ 650 ರೂಪಾಯಿಗೆ ಬೇರೆ ಕೀಬೋರ್ಡು. ಇದು ಬೇಕೇ ಬೇಕು. ಲ್ಯಾಪ್‌ಟಾಪಲ್ಲಿ ಕೀಬೋರ್ಡು ಪರದೆ ಎರಡೂ ಅಂಟಿಕೊಂಡಿರೋದೇ ತೊಂದರೆ. ಕೈ ಸರಿ ಇದ್ರೆ ಕತ್ತು ಬಗ್ಗುತ್ತೆ, ಕತ್ತು ಸರಿ ಮಾಡಿದ್ರೆ ಕೈ ಮೇಲೇಳುತ್ತೆ. ಈಗ ಲ್ಯಾಪ್‌ಟಾಪ್ ನಮ್ಮ ಮೂರು ವರ್ಷದ ಟೆಕ್ಸ್ಟ್ ಬುಕ್ಕುಗಳ ಮೇಲೆ ಕೂತೈತಿ. ಅವು ಕೊನೆಗೂ ಉಪಯೋಗಕ್ಕೆ ಬಂದ್ವು.

ನಿಲ್ಲಬೇಕು ಅನ್ನಿಸಿದಾಗ? ನಮ್ಮ ಅಡುಗೆ ಮನೆ ಕಟ್ಟೆ 84. ಅದರ ಮೇಲೆ 14 ಸೆಂಟಿಮೀಟರಿನ ಹಳೇ ಡಬ್ಬಿ ಬೋರಲು ಹಾಕಿ ಒಂದು ಹಲಗೆ ಇಟ್ರೆ 98. ಮೀಟಿಂಗ್ ಇದ್ದಾಗ ಇಪ್ಪತ್ತು ನಿಮಿಷ ಅಲ್ಲಿ. ಹಿಂದಿಂದ ಕುಕ್ಕರ್ ಕೂಗಿದ್ರೆ ಮ್ಯೂಟ್. ನೀರಿನ ತಂಬಿಗೆ ಟೇಬಲ್ ಹತ್ತಿರ ಇಡಲ್ಲ, ಹಿತ್ತಲ ಬಾಗಿಲ ಹತ್ತಿರ ಇಡ್ತೀನಿ. ಬಾಯಾರಿದಾಗೆಲ್ಲ ನಡಿಗೆ.

ಒಟ್ಟು ಖರ್ಚು 800 ರೂಪಾಯಿ. ಐದು ವಾರ ಆಯ್ತು. ಸೊಂಟ ಇನ್ನೂ ಕೆಲವು ದಿನ ನೋಯುತ್ತೆ, ಸುಳ್ಳು ಹೇಳಲ್ಲ. ಭುಜದ ನೋವು ಹೋಗೈತಿ.

7/8

(ಫೋಟೋ ಇಲ್ಲ, ಬರೀ ಬಯ್ಗುಳ.)

"ಹಂಗಾದ್ರೆ ಯಾರೂ ತಗೋಬಾರದಾ?" ತಗೊಳ್ಳಿ. ಡಾಕ್ಟರು ನೋಡಿ ಹೇಳಿದ್ರೆ ತಗೊಳ್ಳಿ. ಒಂದೇ ಟೇಬಲ್ಲನ್ನ ಆರಡಿ ಅಣ್ಣ ಐದಡಿ ತಂಗಿ ಇಬ್ಬರೂ ಬಳಸೋದಾದ್ರೆ ತಗೊಳ್ಳಿ, ಆದ್ರೆ ಮೂರು ಹಂತದ್ದು, ಎರಡು ಮೋಟರಿಂದು, ನಿಮ್ಮ ಕೂತ ಅಳತೆಗೆ ಇಳಿಯೋದು. ಅದು 16 ಸಾವಿರಕ್ಕೆ ನನಗೆಲ್ಲೂ ಸಿಕ್ಕಿಲ್ಲ. ಕಂಪನಿ ದುಡ್ಡು ಕೊಡ್ತಿದ್ರೆ ಕಣ್ಣು ಮುಚ್ಚಿ ತಗೊಳ್ಳಿ, ನನಗೂ ಒಂದು ಹೇಳಿ.

ನನ್ನ ಸಿಟ್ಟು ತಗೊಳ್ಳೋರ ಮೇಲಲ್ಲ. "ನನ್ನ ಬದುಕೇ ಬದಲಾಯ್ತು" ಅಂತ ರೀಲ್ ಮಾಡಿ, ಡಿಸ್ಕೌಂಟ್ ಕೋಡ್ ಅಂಟಿಸಿ, ದುಡ್ಡು ತಗೊಂಡಿದ್ದನ್ನ ಮಾತ್ರ ಹೇಳದೇ ಇರೋರ ಮೇಲೆ. ದುಡ್ಡೋ ಸಾಮಾನೋ ತಗೊಂಡು ಹೊಗಳಿದ್ರೆ ಅದು ಜಾಹೀರಾತು ಅಂತ ಸ್ಪಷ್ಟವಾಗಿ ಹಾಕಬೇಕು ಅಂತ ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ನಿಯಮ ಮಾಡೈತಿ. ನಮ್ಮ ಕಡೆಯ ಎಷ್ಟು ಪೇಜುಗಳು ಹಾಕ್ತಾವೆ? ನೀವೇ ಹೋಗಿ ನೋಡಿ. ಡೆಸ್ಕ್ ಬಂದ ಮೊದಲ ದಿನದ ವಿಡಿಯೋ ಇರುತ್ತೆ. ಹತ್ತನೇ ತಿಂಗಳಿನ ವಿಡಿಯೋ ಒಂದಾದ್ರೂ ತೋರಿಸಿ.

8/8

(ಫೋಟೋ: ಕಬ್ಬಿಣದ ಸ್ಟೂಲು, ಹಸಿರು ಪೇಂಟು.)

ಉಳಿದ ದುಡ್ಡಲ್ಲಿ ಏನು ಮಾಡಿದೆ ಅಂತ ಕೇಳಿದ್ರಿ. ಹೊಸಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಈ ಸ್ಟೂಲ್ ಮಾಡಿಸಿದೆ. 900 ರೂಪಾಯಿ. ಕೌಂಟರ್ ಹಿಂದೆ ಹಿಡಿಸೋ ಅಷ್ಟೇ ಅಗಲ, ಕೂತ್ರೂ ಗಿರಾಕಿಯ ಕಣ್ಣಿಗೆ ಕಣ್ಣು ಸಿಗೋ ಅಷ್ಟು ಎತ್ತರ. ಅಕ್ಕನಿಗೆ.

ಅಕ್ಕ ಬೈದಳು. "ಅಲ್ಲಿ ಒಯ್ದು ಇಟ್ರೆ ಮಾಲೀಕ್ರು ನನ್ನನ್ನೇ ಮನೀಗೆ ಕಳಿಸ್ತಾರ." ಆ ಹೆದರಿಕೆ ನಿಜ. ಕಾರ್ಖಾನೆಯಲ್ಲಿ ನಿಂತು ದುಡಿಯೋರಿಗೆ ಬಿಡುವು ಸಿಕ್ಕಾಗ ಕೂರೋಕೆ ಜಾಗ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 44ನೇ ಸೆಕ್ಷನ್ನಲ್ಲೇ ಬರೆದಿದ್ರು. ಅಂಗಡಿ ಹುಡುಗೀರ ವಿಷಯಕ್ಕೆ ಬಂದ್ರೆ, ಕೇರಳದಲ್ಲಿ ಕೋಯಿಕ್ಕೋಡಿನ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕೂರೋ ಹಕ್ಕು ಕಾನೂನಿಗೆ ಬಂತು. ಅವರೂ ಬಟ್ಟೆ ಅಂಗಡಿಯಂಥ ಕಡೆ ನಿಲ್ಲೋರೇ. 2021ರಲ್ಲಿ ತಮಿಳುನಾಡೂ ಮಾಡ್ತು. ಕೂರೋಕೆ ಬೀದಿಗೆ ಇಳಿದವರ ಸುದ್ದಿ ನಮ್ಮ ಫೀಡಿಗೆ ಬರಲ್ಲ, ನಿಲ್ಲೋಕೆ 16 ಸಾವಿರ ಕೊಡೋ ಸುದ್ದಿ ದಿನಕ್ಕೆ ಹತ್ತು ಸಲ ಬರುತ್ತೆ.

ಮೂರು ಜನ ಹುಡುಗೀರು ಸೇರಿ ಮಾಲೀಕರನ್ನ ಕೇಳಿದ್ರು. ಅವರು ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ. ಸ್ಟೂಲ್ ಈಗ ಗೋಡೌನ್ ಬಾಗಿಲ ಹತ್ತಿರ ಐತಿ. ಮಧ್ಯಾಹ್ನ ಗಿರಾಕಿ ಇಲ್ಲದಾಗ ಒಬ್ಬೊಬ್ಬರೇ ಹತ್ತು ನಿಮಿಷ ಪಾಳಿ ಪ್ರಕಾರ ಕೂರ್ತಾರಂತೆ. ಕೌಂಟರ್ ಹತ್ತಿರಕ್ಕೆ ಇನ್ನೂ ಬಂದಿಲ್ಲ.

ಹೊಸಪೇಟೆಗೆ ಬಟ್ಟೆ ತಗೊಳ್ಳೋಕೆ ಹೋಗೋರು ನೀವೇ ತಾನೇ? ಮುಂದಿನ ಸಲ ಹೋದಾಗ ಸೀರೆ ತೋರಿಸೋ ಅಕ್ಕನಿಗೆ "ಕೂತ್ಕೊಂಡೇ ತೋರಿಸ್ರಿ" ಅಂತ ಮಾಲೀಕರಿಗೆ ಕೇಳೋ ಹಂಗೆ ಜೋರಾಗಿ ಹೇಳಿ. ಗಿರಾಕಿಗೆ ಮರ್ಯಾದೆ ಕಡಿಮೆ ಆಗುತ್ತೆ ಅನ್ನೋ ಮಾತಿಗೆ ಗಿರಾಕಿನೇ ಉತ್ತರ ಕೊಡಬೇಕು.

ಕಾಮೆಂಟಲ್ಲಿ ನಿಮ್ಮ ಎರಡು ಅಳತೆ ಹಾಕಿ, ಕೂತದ್ದು, ನಿಂತದ್ದು, ಜೊತೆಗೆ ಈಗಿನ ಟೇಬಲ್ಲಿನ ಎತ್ತರ. ಎಷ್ಟು ಕಡೀಬೇಕು ಅಂತ ಲೆಕ್ಕ ಮಾಡಿ ಹೇಳ್ತೀನಿ. ಬಡಗಿ ಕಾಕಾರ ನಂಬರ್ ಮೆಸೇಜಲ್ಲಿ ಕೇಳಿ, ಇಲ್ಲಿ ಹಾಕಲ್ಲ. ಅವರು ಭಾನುವಾರ ಬರಲ್ಲ.

#ಬಂಡ್ರಿ #ಸಂಡೂರು #ಹೊಸಪೇಟೆ #ಟೇಬಲ್‌ಕಾಲು #ಕೂರೋಹಕ್ಕು